ಸೂಜಿಯ ಅಂಗಡಿಯಲ್ಲಿ ಒಂದು ಬೇಸಿಗೆ

(ನಮ್ಮ ಕನ್ನಡ ಶಾಲೆಯ 2025ರ ಪದವಿ ಪ್ರದಾನ ಸಮಾರಂಭದಲ್ಲಿ ಪೋಷಕರು ಮತ್ತು ಶಿಕ್ಷಕರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಶಾಲೆಯ ಪ್ರಾಂಶುಪಾಲರೇ, ಇಷ್ಟು ವರ್ಷ ವಾರಾಂತ್ಯದ ನಿದ್ದೆ ಬಿಟ್ಟು ಪಾಠ ಮಾಡಿದ ಶಿಕ್ಷಕರೇ, ಅಷ್ಟೇ ವರ್ಷ ಪಾರ್ಕಿಂಗ್ ಲಾಟಿನಲ್ಲಿ ಕಾಫಿ ಹಿಡಿದು ಕಾದ ಅಪ್ಪ ಅಮ್ಮಂದಿರೇ, ಇವತ್ತು ಶಲ್ಯ ಹೊದ್ದು ಕೂತಿರುವ ಮಕ್ಕಳೇ,

ನನ್ನನ್ನು ಮಾತಾಡಲು ಕರೆದಾಗ ನಾನು ಮೊದಲು ಕೇಳಿದ್ದು "ನಾನ್ಯಾಕೆ?" ಅಂತ. ಈ ವೇದಿಕೆಗೆ ಡಾಕ್ಟರು ಬಂದಿದ್ದಾರೆ, ಪ್ರೊಫೆಸರು ಬಂದಿದ್ದಾರೆ, ಕಂಪನಿ ಕಟ್ಟಿ ಮಾರಿದವರು ಬಂದಿದ್ದಾರೆ. ನಾನು ನಿಮ್ಮ ಸೀರೆಗಳಿಗೆ ಫಾಲ್ ಹಚ್ಚುವವಳು. ಇಲ್ಲಿ ಕೂತಿರುವ ಅರ್ಧದಷ್ಟು ಹೆಂಗಸರ ಬ್ಲೌಸಿನ ಅಳತೆ ನನಗೆ ಗೊತ್ತು. ಹೆದರಬೇಡಿ, ಹೇಳುವುದಿಲ್ಲ.

ಸಮಿತಿಯವರು ಹೇಳಿದ ಕಾರಣ ಇದು. ಈ ವರ್ಷ ಪದವಿ ಪಡೆಯುತ್ತಿರುವ ಮಕ್ಕಳಲ್ಲಿ ಇಬ್ಬರು ಬೇಸಿಗೆ ರಜೆಯಲ್ಲಿ ಸೂಜಿ-ದಾರದ ಸಣ್ಣ ಅಂಗಡಿಗಳಲ್ಲಿ ಇಂಟರ್ನ್‌ಶಿಪ್ ಮಾಡಿದ್ದಾರೆ. ಒಬ್ಬ ನನ್ನ ಹತ್ತಿರ, ಒಬ್ಬಳು ಒಂದು ಕ್ವಿಲ್ಟ್ ಅಂಗಡಿಯಲ್ಲಿ. ಅದನ್ನು ಕೇಳಿ ಬೇರೆ ಪೋಷಕರೂ ವಿಚಾರಿಸುತ್ತಿದ್ದಾರಂತೆ. "ಅದರ ಬಗ್ಗೆ ಎರಡು ಒಳ್ಳೆಯ ಮಾತು ಹೇಳಿ" ಎಂದರು. ಒಳ್ಳೆಯ ಮಾತು ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಅದನ್ನು ಬಿಟ್ಟು ಹೇಳಿದರೆ ಉಳಿದದ್ದಕ್ಕೆ ಬೆಲೆ ಇರುವುದಿಲ್ಲ.

ನನ್ನ ಅಂಗಡಿ ನಿಮಗೆ ಗೊತ್ತಿರುವುದೇ. ಕಿರಾಣಿ ಅಂಗಡಿಯ ಹಿಂದೆ ಒಂದೇ ಕೋಣೆ. ಎರಡು ಹೊಲಿಗೆ ಯಂತ್ರ, ಒಂದು ಪಿಕೋ ಯಂತ್ರ, ಆರಿ ಕೆಲಸಕ್ಕೆ ಮರದ ಚೌಕಟ್ಟು, ಗೋಡೆ ತುಂಬ ದಾರದ ಉಂಡೆ. ಫಾಲ್, ಪಿಕೋ, ಕುಚ್ಚು, ಬ್ಲೌಸ್ ಬಿಗಿ-ಸಡಿಲ ಮಾಡುವುದು, ಯಾರಾದರೂ ತಾಳ್ಮೆಯಿಂದ ಕೇಳಿದರೆ ಕೈ ಕಸೂತಿ. ಮಾಲೀಕಳೂ ನಾನೇ, ಕೆಲಸದವಳೂ ನಾನೇ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಒಂದೂವರೆ ತಿಂಗಳು ಮಾತ್ರ ನನಗೆ ಎರಡು ಕೈ ಸಾಲುವುದಿಲ್ಲ.

2023ರ ಬೇಸಿಗೆಯಲ್ಲಿ ಅಂಥ ಹೊತ್ತಿನಲ್ಲೇ ಪರಿಚಯದ ಒಬ್ಬರು ಬಂದು, "ಮಗಳಿಗೆ ಫ್ಯಾಷನ್ ಡಿಸೈನ್ ಅಂದ್ರೆ ಆಸೆ, ನಿಮ್ಮ ಹತ್ರ ಇಂಟರ್ನ್‌ಶಿಪ್ ಮಾಡ್ಲಿ, ಕಾಲೇಜು ಅರ್ಜಿಗೂ ಆಗತ್ತೆ" ಎಂದರು. ಹುಡುಗಿಗೆ ಹದಿನಾರು ವರ್ಷ. ನಾನು ಖುಷಿಯಿಂದ ಒಪ್ಪಿಕೊಂಡೆ. "ಕಸೂತಿ ಕಲಿಸ್ತೀನಿ ಪುಟ್ಟಾ" ಅಂದೆ. ದುಡ್ಡಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಮ್ಮವರ ನಡುವೆ ದುಡ್ಡಿನ ಮಾತು ಎತ್ತುವುದು ಅಸಹ್ಯ ಅಂತ ನಾವೆಲ್ಲ ಅಂದುಕೊಂಡಿದ್ದೇವಲ್ಲ.

ಮೊದಲ ದಿನ ಅವಳಿಗೆ ಒಂದು ತುಂಡು ಬಟ್ಟೆ ಕೊಟ್ಟು ಎರಡು ಹೊಲಿಗೆ ತೋರಿಸಿದೆ. ಎರಡನೇ ದಿನ ಆರು ಸೀರೆ ಬಂದವು. ಫಾಲ್ ಹಚ್ಚುವುದು ಹೇಗೆ ಎಂದು ತೋರಿಸಿದೆ. ಚುರುಕು ಹುಡುಗಿ, ಒಂದೇ ಸಲಕ್ಕೆ ಕಲಿತಳು. ಅಲ್ಲಿಗೆ ಅವಳ ಕಲಿಕೆ ಮುಗಿಯಿತು. ಮೂರು ವಾರ ಅವಳು ಮಾಡಿದ್ದು ಫಾಲ್, ಫಾಲ್, ಮತ್ತೆ ಫಾಲ್. ಮಧ್ಯೆ ಮಣಿಗಳನ್ನು ಬಣ್ಣದ ಪ್ರಕಾರ ಡಬ್ಬಿಗೆ ಹಾಕುವುದು, ಗಿರಾಕಿಗಳ ವಾಟ್ಸಾಪ್‌ಗೆ ಉತ್ತರ ಕೊಡುವುದು, ಬ್ಲೌಸಿನ ಫೋಟೋ ತೆಗೆದು ಹಾಕುವುದು. ಆ ಮೊದಲ ದಿನದ ಬಟ್ಟೆ ತುಂಡು ಹಾಗೇ ಡ್ರಾಯರಿನಲ್ಲಿ ಉಳಿಯಿತು. ಮೂರನೇ ವಾರದ ಕೊನೆಗೆ, "ಆಂಟಿ, ಬ್ಯಾಂಡ್ ಪ್ರಾಕ್ಟೀಸ್ ಶುರು ಆಗತ್ತೆ, ಬರಕ್ಕಾಗಲ್ಲ" ಅಂದಳು. ನಾನು ನಂಬಿದೆ. "ಈಗಿನ ಮಕ್ಕಳಿಗೆ ಸೂಜಿ ಹಿಡಿಯುವ ತಾಳ್ಮೆ ಇಲ್ಲ" ಎಂದು ಎರಡು-ಮೂರು ಜನರ ಹತ್ತಿರ ಹೇಳಿಕೊಂಡು ಬೇರೆ ಓಡಾಡಿದೆ. ಅವರಲ್ಲಿ ಕೆಲವರು ಇಲ್ಲೇ ಇದ್ದಾರೆ. ಆ ಮಾತನ್ನು ಇವತ್ತು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಮರುವರ್ಷ ಒಬ್ಬ ಹುಡುಗ ಬಂದ. ಈಗ ಮುಂದಿನ ಸಾಲಿನಲ್ಲಿ ಕೂತು ನೆಲ ನೋಡುತ್ತಿದ್ದಾನೆ, ಆದ್ದರಿಂದ ಹೆಸರು ಹೇಳುವುದಿಲ್ಲ. ಅವನ ತಂದೆಗೆ ಮೊದಲು ಮನಸ್ಸಿರಲಿಲ್ಲ. "ಹುಡುಗ ಹೋಗಿ ಹೊಲಿಗೆ ಅಂಗಡೀಲಿ ಕೂರ್ತಾನಾ?" ಎಂದರು. ನಾನು ಕೇಳಿದೆ, "ಊರಲ್ಲಿ ನಿಮ್ಮ ಪ್ಯಾಂಟು ಹೊಲಿದವರು ಯಾರು ಸಾರ್? ಬೆಂಗಳೂರಲ್ಲಿ ಮದುವೆ ಬ್ಲೌಸಿಗೆ ಆರಿ ಕೆಲಸ ಮಾಡೋರಲ್ಲಿ ಗಂಡಸರು ಎಷ್ಟು ಜನ ನೋಡಿಲ್ವಾ?" ನಕ್ಕು ಸುಮ್ಮನಾದರು. ಅವನ ತಾಯಿ ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದಾರೆ. ಅವರು ಮಗನ ಜೊತೆ ಒಂದು ಕಾಗದ ಕಳಿಸಿದರು: ಹೈಸ್ಕೂಲಿನಿಂದ ವರ್ಕ್ ಪರ್ಮಿಟ್ ಪಡೆಯುವ ಅರ್ಜಿ. ಕ್ಯಾಲಿಫೋರ್ನಿಯಾದಲ್ಲಿ 18 ತುಂಬದ ಮಕ್ಕಳು ಕೆಲಸಕ್ಕೆ ಸೇರುವುದಾದರೆ, ಬೇಸಿಗೆ ರಜೆಯೇ ಆಗಿರಲಿ, ಅದು ಬೇಕು. ಅದರಲ್ಲಿ ಮಾಲೀಕರು ತುಂಬುವ ಭಾಗ ಇರುತ್ತದೆ. ಎಂಥ ಕೆಲಸ, ದಿನಕ್ಕೆಷ್ಟು ಗಂಟೆ, ಕೆಲಸಗಾರರ ವಿಮೆ ಇದೆಯೇ. ನನ್ನ ಹತ್ತಿರ ವಿಮೆ ಇರಲಿಲ್ಲ. ಆ ಕಾಗದ ಹಿಡಿದುಕೊಂಡು ನಾನು ಮಾಡಿದ ಫೋನುಗಳ ಲೆಕ್ಕವಿಲ್ಲ. ಕೊನೆಗೆ ವಿಮೆ ಮಾಡಿಸಿ, ವಾರಕ್ಕೆ ಹನ್ನೆರಡು ಗಂಟೆ, ಆರು ವಾರ, ಗಂಟೆಗೆ ಆ ವರ್ಷದ ಕನಿಷ್ಠ ವೇತನ 16 ಡಾಲರ್ ಎಂದು ಬರೆದುಕೊಟ್ಟೆ. ಒಟ್ಟು 1,152 ಡಾಲರ್. ಬರೆಯುವಾಗ ಕೈ ನಡುಗಿತು ಎಂದರೆ ಸುಳ್ಳಲ್ಲ.

ಗಂಟೆಗೆ 16 ಡಾಲರ್ ಕೊಡುತ್ತಿದ್ದೇನೆ ಎಂದ ಮೇಲೆ ನನ್ನ ತಲೆಯೇ ಬೇರೆ ರೀತಿ ಓಡತೊಡಗಿತು. ಅವನ ಒಂದೊಂದು ಗಂಟೆಯೂ ಕಣ್ಣಿಗೆ ಕಾಣಿಸತೊಡಗಿತು. ಇವನಿಗೆ ಏನು ಕಲಿಸಬೇಕು, ಯಾವಾಗ ಕಲಿಸಬೇಕು ಎಂದು ಮೊದಲ ಸಲ ಕಾಗದದ ಮೇಲೆ ಬರೆದೆ. ಪುಕ್ಕಟೆ ಇದ್ದವಳ ವಿಷಯದಲ್ಲಿ ಅದನ್ನು ಮಾಡಿರಲಿಲ್ಲ.

ಅವನು ಕಸೂತಿ ಕಲಿಯಬೇಕೆಂದ. ನಾನು ಹುಬ್ಬಳ್ಳಿ ಕಡೆಯವಳಾದರೂ ನನ್ನ ಕಸೂತಿ ಅಷ್ಟಕ್ಕಷ್ಟೇ. ಧಾರವಾಡದಲ್ಲಿ ನಮ್ಮ ದೊಡ್ಡಮ್ಮನ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ನಲವತ್ತು ವರ್ಷದಿಂದ ಕಸೂತಿ ಹಾಕುವವರು. ವಾರಕ್ಕೊಂದು ದಿನ ನಮ್ಮ ರಾತ್ರಿ, ಅವರ ಬೆಳಗ್ಗೆ, ವಿಡಿಯೋ ಕಾಲ್ ಮಾಡುತ್ತಿದ್ದೆವು. ಅವರಿಗೂ ಗಂಟೆಗೆ ಇಷ್ಟು ಎಂದು ಮೊದಲೇ ಮಾತಾಡಿ ಕಳಿಸಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಧಾರವಾಡದ ಕಸೂತಿಗೆ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಕೊಂಡು ಹೋಗುವುದು. ನಾಲ್ಕು ಬಗೆಯ ಹೊಲಿಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಗವಂತಿಯಲ್ಲಿ ಗೆರೆ ನೇರ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುವುದು. ಮುರ್ಗಿಯೂ ಹಾಗೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಇವೆರಡರಲ್ಲಿ ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಗಂಟು ಹಾಕುವಂತಿಲ್ಲ. ಗೋಪುರ, ತೇರು, ಅಂಬಾರಿ ಆನೆ, ತುಳಸಿ ಕಟ್ಟೆ, ತೊಟ್ಟಿಲು ಎಲ್ಲ ಇದರಲ್ಲೇ ಬರುತ್ತವೆ. ಇಳಕಲ್ ಸೀರೆಯ ಮೇಲೆ, ಮದುವೆಯ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಹಾಕುತ್ತಿದ್ದುದು ಇದನ್ನೇ. ಜಿಐ ಮಾನ್ಯತೆಯೂ ಸಿಕ್ಕಿದೆ.

ಮೊದಲ ವಾರ ಅಜ್ಜಿ ಹೇಳಿದ್ದು ಎರಡೇ ಮಾತು. "ಎಳಿ ಎಣಸೋ ತಮ್ಮಾ, ಕಣ್ಣಂದಾಜು ಹಿಡೀಬ್ಯಾಡ." ಅವನು ನನ್ನ ಕಡೆ ತಿರುಗಿ, "ಎಳಿ ಅಂದ್ರೆ ಪುಲ್?" ಅಂತ ಕೇಳಿದ. ಒಂಬತ್ತು ವರ್ಷ ಕನ್ನಡ ಕಲಿತ ಹುಡುಗ. ತಪ್ಪು ಅವನದಲ್ಲ, "ಎಳೆ" ಎಂದರೆ ಎಳೆಯುವುದು, ಎಳೆ ಮಗು ಎನ್ನುವ ಎಳೆ, ಇಷ್ಟು ನಮ್ಮ ಪುಸ್ತಕದಲ್ಲಿತ್ತು. ದಾರದ ಎಳೆ ಇರಲಿಲ್ಲ. ಆ ಬೇಸಿಗೆ ಅವನು ಒಂದು ಪುಟ್ಟ ಪುಸ್ತಕದಲ್ಲಿ ಪದ ಬರೆದುಕೊಳ್ಳತೊಡಗಿದ. ಹಾಸು, ಹೊಕ್ಕು, ಅಂಚು, ಸೆರಗು, ಒಡಲು, ನಿರಿಗೆ, ಮಡಿಕೆ, ಗೇಣು, ಮೊಳ. ಅಜ್ಜಿಯ ಎರಡನೇ ಮಾತು: "ಬಿಚ್ಚು." ಆರು ಎಳೆ ಬದಲು ಐದು ಎಣಿಸಿದ್ದ. ಎರಡು ಸಂಜೆಯ ಕೆಲಸ. ಹುಡುಗನ ಮುಖ ನೋಡಲಾಗಲಿಲ್ಲ. ಅಜ್ಜಿ ನಗುತ್ತ, "ಬಿಚ್ಚಾಕ ಬಂತಂದ್ರ ಅರ್ಧಾ ಕಲತಂಗ" ಎಂದರು.

ಮೂರನೇ ವಾರ ಅವನೇ ನನಗೆ ಪಾಠ ಮಾಡಿದ. "ಆಂಟಿ, ಇದು ಆಯ್ಲರ್ ಲೆಕ್ಕ" ಎಂದ. ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಏಳು ಸೇತುವೆ, ಪ್ರತಿಯೊಂದನ್ನೂ ಒಂದೇ ಸಲ ದಾಟಿ ಊರು ಸುತ್ತಬಹುದೇ ಅಂತ ಜನ ಕೇಳುತ್ತಿದ್ದರಂತೆ. ಆಗದು ಎಂದು 1736ರಲ್ಲಿ ಆಯ್ಲರ್ ತೋರಿಸಿದ. ಒಂದು ಜಾಗಕ್ಕೆ ಸೇರುವ ದಾರಿಗಳ ಸಂಖ್ಯೆ ಎಲ್ಲ ಕಡೆ ಸಮ ಇದ್ದರೆ ಮಾತ್ರ ಪ್ರತಿ ದಾರಿಯನ್ನೂ ಒಮ್ಮೆ ತುಳಿದು ಹೊರಟಲ್ಲಿಗೇ ಬರಬಹುದು. "ಗವಂತೀಲಿ ಪ್ರತಿ ಗೆರೆ ಮೇಲೂ ಎರಡು ಸಲ ಹೋಗ್ತೀವಲ್ಲ, ಅದಕ್ಕೇ ಎಲ್ಲಾ ಮೂಲೇಲೂ ಸಮಸಂಖ್ಯೆ ಬರತ್ತೆ. ಅದಕ್ಕೇ ಯಾವ ಚಿತ್ರ ಆದ್ರೂ ಹೊರಟ ಜಾಗಕ್ಕೇ ವಾಪಸ್ ಬರಬಹುದು." ಮುಂದಿನ ಕಾಲ್‌ನಲ್ಲಿ ಇದನ್ನು ಅಜ್ಜಿಗೆ ಕನ್ನಡದಲ್ಲಿ ವಿವರಿಸಲು ಅವನು ಇಪ್ಪತ್ತು ನಿಮಿಷ ಒದ್ದಾಡಿದ. ಎಲ್ಲ ಕೇಳಿಸಿಕೊಂಡು ಅಜ್ಜಿ, "ಹೌದಲ್ಲ ಮತ್ತ, ಬರಲಿಕ್ಕೇ ಬೇಕಲ್ಲ" ಎಂದರು, ಇದೇನು ದೊಡ್ಡ ವಿಷಯ ಎನ್ನುವ ಹಾಗೆ. ಶಿಕ್ಷಕರು ಗಮನಿಸಬೇಕು: ಯಾರೂ ಮಾರ್ಕ್ಸ್ ಕೊಡದ ಕನ್ನಡ ಭಾಷಣ ಅದು. ನಾನು ಕೇಳಿದ್ದರಲ್ಲಿ ಅದೇ ಅವನ ಅತ್ಯುತ್ತಮ ಭಾಷಣ.

ಈಗ ಲೆಕ್ಕದ ಪುಸ್ತಕದ ವಿಷಯ. ನನ್ನದು ಹಳೆಯ ಕಾಲದ ಕೆಂಪು ರಟ್ಟಿನ ಪುಸ್ತಕ. ಅದನ್ನೆಲ್ಲ ಸ್ಪ್ರೆಡ್‌ಶೀಟಿಗೆ ಹಾಕಿಕೊಡುತ್ತೇನೆ, ಯಾವ ಕೆಲಸದಲ್ಲಿ ಎಷ್ಟು ಉಳಿಯುತ್ತದೆ ನೋಡೋಣ ಎಂದ. ಸರಿ ಎಂದೆ. ಮೊದಲು ಕುಚ್ಚಿನ ಲೆಕ್ಕ ತೆಗೆದ. ಕ್ರೋಶಾ ಕುಚ್ಚು ಹಾಕಲು ಐದು ಗಂಟೆ. ನಾನು ತೆಗೆದುಕೊಳ್ಳುತ್ತಿದ್ದುದು 60 ಡಾಲರ್. ದಾರ, ಮಣಿಗೆ 6, ಬಾಡಿಗೆ-ಕರೆಂಟಿನ ಪಾಲು ಸುಮಾರು 10. ಉಳಿದ 44ನ್ನು ಐದರಿಂದ ಭಾಗಿಸಿದರೆ ಗಂಟೆಗೆ 8 ಡಾಲರ್ 80 ಸೆಂಟ್. ಅವನು ಪರದೆಯನ್ನು ನನ್ನ ಕಡೆ ತಿರುಗಿಸಿ, ಮೆಲ್ಲಗೆ, "ಆಂಟಿ, ನೀವು ನನಗಿಂತ ಕಡಿಮೆ ತಗೊಳ್ತಿದ್ದೀರಿ" ಎಂದ. ಹನ್ನೊಂದು ವರ್ಷ ಅಂಗಡಿ ನಡೆಸಿದವಳು ನಾನು. ಈಗ ಆ ಕುಚ್ಚಿಗೆ 95. "ಬೆಂಗಳೂರಲ್ಲಿ ಐನೂರು ರೂಪಾಯಿಗೆ ಹಾಕ್ತಾರೆ ರೀ" ಎಂದು ಇಬ್ಬರು ಬಿಟ್ಟುಹೋದರು. ಉಳಿದವರು ಬರುತ್ತಿದ್ದೀರಿ, ನಿಮಗೆ ನಮಸ್ಕಾರ.

ಆಮೇಲೆ ಹಿಂದಿನ ವರ್ಷಕ್ಕೆ ಹೋದ. "2023ರ ಜುಲೈನಲ್ಲಿ 61 ಫಾಲ್ ಆಗಿದೆ. ಬೇರೆ ತಿಂಗಳಲ್ಲಿ ಮೂವತ್ತು ದಾಟಿಲ್ಲ. ಒಬ್ಬರೇ ಮಾಡಿದ್ರಾ?"

"ಇಲ್ಲಪ್ಪಾ, ಆಗ ಒಬ್ಬಳು ಹುಡುಗಿ ಇದ್ದಳು, ನಿನ್ನ ಹಾಗೆ ಇಂಟರ್ನ್."

"ಅವಳ ಸಂಬಳ ಯಾವ ಸಾಲಿನಲ್ಲಿದೆ?"

ಅವನು ಚುಚ್ಚಲು ಕೇಳಿದ್ದಲ್ಲ. ಸ್ಪ್ರೆಡ್‌ಶೀಟಿನಲ್ಲಿ ಒಂದು ಖಾನೆ ಖಾಲಿ ಉಳಿದಿತ್ತು, ಅದಕ್ಕೆ ಕೇಳಿದ. ನಾನು ಚಹಾ ಮಾಡುವ ನೆಪದಲ್ಲಿ ಎದ್ದುಹೋದೆ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಮೂರು ವಾರ, ವಾರಕ್ಕೆ ನಾಲ್ಕು ದಿನ, ದಿನಕ್ಕೆ ನಾಲ್ಕು ಗಂಟೆ: 48 ಗಂಟೆ. 2023ರಲ್ಲಿ ರಾಜ್ಯದ ಕನಿಷ್ಠ ವೇತನ ಹದಿನೈದೂವರೆ ಡಾಲರ್. 744 ಡಾಲರ್ ಆಯಿತು. ಚೆಕ್ ಬರೆದು ಭಾನುವಾರ ಅವರ ಮನೆಗೆ ಹೋದೆ. ಆಕೆಯ ತಾಯಿ ನೊಂದುಕೊಂಡರು. "ಇದೇನ್ರೀ, ಮನೆಯವರ ಹಾಗೆ ಇದ್ದೀವಿ, ನೀವು ದುಡ್ಡು ಕೊಡಕ್ಕೆ ಬರ್ತೀರಾ? ಕಲಿಯಕ್ಕೆ ತಾನೇ ಕಳಿಸಿದ್ದು." ನಾನು ಹೇಳಿದೆ, "ನಾನು ಕಲಿಸಲಿಲ್ಲ. ಅದಕ್ಕೇ ಬಂದಿದ್ದು." ಹುಡುಗಿ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕೆಳಗೆ ಬಂದು ಚೆಕ್ ತೆಗೆದುಕೊಂಡಳು, ಥ್ಯಾಂಕ್ಸ್ ಎಂದಳು. ಬ್ಯಾಂಡ್ ಪ್ರಾಕ್ಟೀಸ್ ಇರಲಿಲ್ಲ ಎಂದೂ ಹೇಳಿದಳು. ಮತ್ತೆ ಬರುತ್ತೀಯಾ ಎಂದು ಕೇಳಿದೆ. ಇಲ್ಲ ಎಂದಳು. ಈಗ ಕಾಲೇಜಿನಲ್ಲಿ ಬೇರೇನೋ ಓದುತ್ತಿದ್ದಾಳೆ. ನನ್ನಿಂದಾಗಿ ಬಿಟ್ಟಳೋ, ಹೇಗೂ ಬಿಡುತ್ತಿದ್ದಳೋ, ಕೇಳುವ ಧೈರ್ಯ ಬರಲಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ನಾನು ಓದಿದ್ದು ಇದಾದ ಮೇಲೆ. 2010ರಲ್ಲಿ ಬಂದ "ಬ್ಲ್ಯಾಕ್ ಸ್ವಾನ್" ಸಿನಿಮಾದ ಕೆಲಸದಲ್ಲಿ ಸಂಬಳವಿಲ್ಲದೆ ದುಡಿದ ಇಬ್ಬರು ಇಂಟರ್ನ್‌ಗಳು 2011ರಲ್ಲಿ ಕೋರ್ಟಿಗೆ ಹೋದರು. ಕಾಫಿ ತರುವುದು, ಕಾಗದ ಜೋಡಿಸುವುದು ಇಂಥವೇ ತಮ್ಮ ಕೆಲಸವಾಗಿತ್ತು ಎಂಬುದು ಅವರ ದೂರು. 2015ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ಒಂದು ಅಳತೆಗೋಲು ಕೊಟ್ಟಿತು. 2018ರ ಜನವರಿಯಲ್ಲಿ ಕೇಂದ್ರ ಕಾರ್ಮಿಕ ಇಲಾಖೆಯೂ ಅದನ್ನೇ ಹಿಡಿಯಿತು. ಏಳು ಅಂಶಗಳಿವೆ, ಎಲ್ಲ ಹೇಳಿ ನಿಮಗೆ ಆಕಳಿಕೆ ತರಿಸುವುದಿಲ್ಲ. ಸಾರಾಂಶ ಒಂದೇ ಪ್ರಶ್ನೆ: ಇದರಿಂದ ಮುಖ್ಯವಾಗಿ ಲಾಭ ಯಾರಿಗೆ? ಶಾಲೆಯ ಪಾಠದಂಥ ತರಬೇತಿ ಸಿಗುತ್ತಿದೆಯೇ? ಇಂಟರ್ನ್ ಮಾಡುವ ಕೆಲಸ ಸಂಬಳದವರ ಕೆಲಸಕ್ಕೆ ಪೂರಕವೋ, ಅಥವಾ ಅವರ ಜಾಗವನ್ನೇ ತುಂಬುತ್ತಿದೆಯೋ? ಲಾಭದ ಅಂಗಡಿಯಲ್ಲಿ ಉತ್ತರ "ಮಾಲೀಕರಿಗೆ" ಎಂದಾದರೆ ಅದು ಇಂಟರ್ನ್‌ಶಿಪ್ ಅಲ್ಲ, ನೌಕರಿ. ಕನಿಷ್ಠ ವೇತನ ಕೊಡಲೇಬೇಕು. 61 ಫಾಲ್‌ಗಳಿಗೆ ಈ ಅಳತೆಗೋಲು ಹಿಡಿದರೆ ಉತ್ತರ ಏನು ಎಂದು ನಿಮಗೇ ಗೊತ್ತಾಗುತ್ತದೆ.

ಇನ್ನೊಂದು ವಿಷಯ, ನಮ್ಮ ಹೆಂಗಸರು ಗಮನಿಸಬೇಕಾದ್ದು. "ಅಂಗಡಿಗೆ ಬರೋದು ಬೇಡ, ಮನೆಗೇ ಕೊಡಿ, ಟಿವಿ ನೋಡ್ತಾ ಹಾಕ್ತಾಳೆ" ಎನ್ನುತ್ತೇವಲ್ಲ, ಬಟ್ಟೆ ಮತ್ತು ಕಸೂತಿ ಕೆಲಸವನ್ನು ಮನೆಗೆ ಕೊಟ್ಟು ಮಾಡಿಸುವುದಕ್ಕೆ ಈ ದೇಶದಲ್ಲಿ 1940ರ ದಶಕದಿಂದಲೇ ಕಟ್ಟುನಿಟ್ಟು ಇದೆ. ಮನೆಯೊಳಗೆ ಗಂಟೆಯ ಲೆಕ್ಕ ಯಾರೂ ಇಡುವುದಿಲ್ಲ, ಮಕ್ಕಳೂ ಕೂತು ಹೊಲಿಯುತ್ತಾರೆ ಎಂಬ ಅನುಭವದಿಂದ ಬಂದ ನಿಯಮ ಅದು. ನಮ್ಮ ಕಡೆ ತುಂಡಿಗಿಷ್ಟು ಎಂದು ಮನೆಯಲ್ಲಿ ಕೂತು ಹೊಲಿಯುವ ಹೆಂಗಸರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಕ್ವಿಲ್ಟ್ ಅಂಗಡಿಗೆ ಹೋದ ಹುಡುಗಿಯ ಕಥೆ ಅವಳೇ ಈ ಪುಸ್ತಕದಲ್ಲಿ ಬರೆದಿದ್ದಾಳೆ, ನಾನು ಸ್ವಲ್ಪವೇ ಹೇಳುತ್ತೇನೆ. ಆ ಅಂಗಡಿಯ ಒಡತಿ ವಯಸ್ಸಾದ ಅಮೆರಿಕನ್ ಮಹಿಳೆ. ಅಲ್ಲಿ ಲಾಂಗ್‌ಆರ್ಮ್ ಎಂಬ ಉದ್ದ ತೋಳಿನ ಯಂತ್ರದಲ್ಲಿ ಮೂರು ಪದರ ಸೇರಿಸಿ ಹೊಲಿಯುತ್ತಾರೆ, ಬೆಲೆ ಚದರ ಇಂಚಿನ ಲೆಕ್ಕ. ಇಂಚಿಗೆ 3 ಸೆಂಟ್ ಎಂದರೆ 60 ಇಂಚು ಅಗಲ 80 ಇಂಚು ಉದ್ದದ ಹೊದಿಕೆಗೆ 144 ಡಾಲರ್. ಇವಳು ಹೋಗಿ ಎರಡನೇ ವಾರ, "ನಮ್ಮ ಅಜ್ಜಿ ಮನೇಲೂ ಹೀಗೇ ಇದೆ, ಅದನ್ನ ಕೈಯಲ್ಲಿ ಹೊಲೀತಾರೆ" ಎಂದಳಂತೆ. ಹಾವೇರಿಯ ಅಜ್ಜಿ ಹೊಲಿದ ಕೌದಿ, ಹತ್ತು ವರ್ಷದಿಂದ ಇವರ ಗ್ಯಾರೇಜಿನಲ್ಲಿ ಟೇಬಲ್ ಮೇಲೆ ಹೊದಿಸಿತ್ತು. ಅದನ್ನು ಒಗೆದು ತೆಗೆದುಕೊಂಡು ಹೋಗಿ ತೋರಿಸಿದಳು. ಒಡತಿ ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ನೋಡಿದರಂತೆ. ಇಂಚಿಗೆ ಎಷ್ಟು ಹೊಲಿಗೆ ಎಂದು ಎಣಿಸಿದರಂತೆ. ಆಮೇಲೆ ಇಬ್ಬರೂ ಕೂಡಿ ನಮ್ಮ ಉತ್ತರ ಕನ್ನಡದ ಸಿದ್ಧಿ ಹೆಂಗಸರ ಕವಂದಿಗಳ ಚಿತ್ರ ಹುಡುಕಿ ನೋಡಿದ್ದಾರೆ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ; ನಾಲ್ಕು ಮೂಲೆಗೆ "ಫೂಲ್" ಎಂಬ ಪುಟ್ಟ ಮಡಿಕೆ ಕೂರಿಸುತ್ತಾರೆ. ಹೊದಿಕೆಯ ನಡುವಿನಿಂದ ಹೊರಗೆ ಹೊಲಿಯುವ ಅಭ್ಯಾಸವಿದ್ದ ಒಡತಿಗೆ ಇದು ಹೊಸತು. ಗ್ಯಾರೇಜಿನ ಕೌದಿ ಈಗ ಇವರ ಹಾಲಿನಲ್ಲಿ ಸೋಫಾ ಮೇಲಿದೆ. ಅದರ ಮೇಲೆ ಕಾಫಿ ಚೆಲ್ಲಿದ್ದಕ್ಕೆ ಮೊನ್ನೆ ಅವಳ ತಂದೆಗೆ ಬೈಗುಳ ಬಿತ್ತಂತೆ.

ಪೋಷಕರಿಗೆ ನನ್ನ ಮಾತು ಇಷ್ಟು. ಮಗುವನ್ನು ಇಂಥ ಅಂಗಡಿಗೆ ಕಳಿಸುವ ಮುಂಚೆ ಸಂಕೋಚ ಬಿಟ್ಟು ಕೇಳಿ. ಎಷ್ಟು ಗಂಟೆ? ಎಷ್ಟು ಸಂಬಳ? ಯಾರು, ಯಾವಾಗ ಕಲಿಸುತ್ತಾರೆ? ಆರು ವಾರದ ಕೊನೆಗೆ ಮೊದಲಿನಿಂದ ಕೊನೆವರೆಗೆ ತಾನೇ ಮಾಡಿದ ಒಂದು ವಸ್ತು ಅವಳ ಕೈಯಲ್ಲಿರುತ್ತದೆಯೇ? ಈ ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಕಳಿಸಬೇಡಿ. ಪರಿಚಯದವರು ಬೇಜಾರು ಮಾಡಿಕೊಳ್ಳುತ್ತಾರೆ ಎಂಬ ಹೆದರಿಕೆ ಇದ್ದರೆ ನನ್ನ ಹೆಸರು ಹೇಳಿ, "ಅವರು ಕೇಳು ಅಂದರು" ಎನ್ನಿ. 16 ತುಂಬದ ಮಕ್ಕಳನ್ನು ನಾನಂತೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಚಿಕ್ಕ ಮಕ್ಕಳ ಗಂಟೆಗೆ, ಯಂತ್ರದ ಕೆಲಸಕ್ಕೆ ಕಾನೂನಿನ ಮಿತಿ ಬಹಳ. ಅವರು ಬೇಕಾದರೆ ಶನಿವಾರ ಬಂದು ಕೂತು ಕಲಿಯಲಿ, ಅದಕ್ಕೆ ತರಗತಿ ಎನ್ನೋಣ.

ಕಾಲೇಜು ಅರ್ಜಿಗೆ ಆಗತ್ತೆ ಎಂಬ ಮಾತಿಗೆ ನಾನು ವಿರೋಧಿ ಅಲ್ಲ. ಆಗಲಿ. ಆದರೆ ಅದಕ್ಕೆಂದೇ ಬಂದ ಮಗು ಎರಡನೇ ವಾರಕ್ಕೆ ಗಡಿಯಾರ ನೋಡುತ್ತದೆ. ಅದನ್ನು ನೋಡಿ ಮಾಲೀಕಳಿಗೂ ಕಲಿಸುವ ಮನಸ್ಸು ಬರುವುದಿಲ್ಲ.

ನನ್ನಂಥ ಅಂಗಡಿಯವರ ಕಷ್ಟವನ್ನೂ ಹೇಳಬೇಕು. 2025ರಲ್ಲಿ ಕನಿಷ್ಠ ವೇತನ 16 ಡಾಲರ್ 50 ಸೆಂಟ್. ಕೆಲವು ಊರುಗಳಲ್ಲಿ ಇನ್ನೂ ಹೆಚ್ಚು. ಆರು ವಾರದ 72 ಗಂಟೆಗೆ 1,188 ಡಾಲರ್, ಮೇಲೆ ವಿಮೆ, ತೆರಿಗೆ, ಕಾಗದ ಪತ್ರ. ಅದಕ್ಕಿಂತ ಹೆಚ್ಚು ಖರ್ಚು ನನ್ನ ಸಮಯ. ಕಲಿಸುವ ದಿನ ನನ್ನ ಕೆಲಸ ಅರ್ಧ. ಹಬ್ಬದ ಸೀಸನ್ನಿನಲ್ಲಿ ಕಲಿಸಲು ಸಾಧ್ಯವೇ ಇಲ್ಲ ಎಂದು ಗೊತ್ತಾದ ಮೇಲೆ ಈಗ ಜೂನ್ ಮೊದಲ ವಾರ ಶುರು ಮಾಡಿ ಜುಲೈ ನಡುವಿಗೆ ಮುಗಿಸುತ್ತೇನೆ. ವರ್ಷಕ್ಕೆ ಒಬ್ಬರೇ. ಎರಡನೆಯವರನ್ನು ತೆಗೆದುಕೊಳ್ಳಲು ಕೈಲಾಗುವುದಿಲ್ಲ, ತೆಗೆದುಕೊಂಡರೆ ಮತ್ತೆ 2023 ಆಗುತ್ತದೆ. ಕೈಲಾಗದ ಅಂಗಡಿಯವರು ಎರಡು ದಿನ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ತೋರಿಸಿ ಕಳಿಸಲಿ. ಒಂದೂ ಫಾಲ್ ಹಾಕಿಸಬೇಡಿ. ಅದೂ ದೊಡ್ಡ ಉಪಕಾರವೇ.

ಶಿಕ್ಷಕರಲ್ಲಿ ಒಂದು ಕೋರಿಕೆ. ಆ ಹುಡುಗನ ಪದಗಳ ಪುಸ್ತಕ ಈಗ ನನ್ನ ಹತ್ತಿರ ಇದೆ, ನೂರಕ್ಕೂ ಮಿಕ್ಕಿ ಪದ. ಮಕ್ಕಳು ಎಲ್ಲೇ ಕೆಲಸ ಕಲಿಯಲು ಹೋಗಲಿ, ಹೊಲಿಗೆಯೋ ಅಡಿಗೆಯೋ ತೋಟವೋ, ವಾರಕ್ಕೊಂದು ಪುಟ ಕನ್ನಡದಲ್ಲಿ ಬರೆದು ತರಲು ಹೇಳಿ. ಏನು ಮಾಡಿದೆ, ಏನು ಕೆಡಿಸಿದೆ, ಏನು ಬಿಚ್ಚಿದೆ, ಅಷ್ಟು ಸಾಕು. "ನನ್ನ ಬೇಸಿಗೆ ರಜೆ" ಎಂಬ ಪ್ರಬಂಧವನ್ನು ಪ್ರತಿ ವರ್ಷ ಓದಿ ನಿಮಗೂ ಸಾಕಾಗಿದೆ ಎಂದು ನನಗೆ ಗೊತ್ತು. ಆ ವರದಿಯನ್ನು ಅಂಗಡಿಯವರೂ ಓದಲಿ. ನನ್ನ ಬಳಿ 2023ರಲ್ಲಿ ಯಾರಾದರೂ ಅಂಥ ಒಂದು ಪುಟ ಬರೆಸಿದ್ದರೆ, ಮೊದಲ ವಾರದಲ್ಲೇ ನನಗೆ ನಾಚಿಕೆ ಆಗುತ್ತಿತ್ತು, ಮೂರು ವಾರ ಬೇಕಾಗುತ್ತಿರಲಿಲ್ಲ.

ಈ ಜೂನ್‌ಗೆ ಒಬ್ಬಳು ಬರುತ್ತಿದ್ದಾಳೆ. ಕಾಗದ ಪತ್ರ ಆಗಿದೆ. ಅಜ್ಜಿಗೂ ಹೇಳಿ ಇಟ್ಟಿದ್ದೇನೆ. "ಈ ಸಲದಾಕಿ ಗಣಿತ ಹೇಳಂಗಿಲ್ಲಲ್ಲ?" ಎಂದು ಕೇಳಿದರು.

ಹುಡುಗ ಹಾಕಿದ ಕಸೂತಿಯನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇವೆ, ಕೌದಿಯನ್ನೂ ತಂದಿದ್ದಾರೆ. ಕಸೂತಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ. ಎರಡನೇ ತೇರಿನಲ್ಲಿ ಒಂದು ಎಳೆ ತಪ್ಪಿದೆ, ಅಜ್ಜಿಯೂ ನಾನೂ ನೋಡಿ ಬಿಟ್ಟಿದ್ದೇವೆ, ಅವನಿಗೂ ಗೊತ್ತು. ಊಟದ ಮೊದಲೇ ನೋಡಿದರೆ ಒಳ್ಳೆಯದು. ಹೋಳಿಗೆ ತಿಂದ ಕೈಯಲ್ಲಿ ದಯವಿಟ್ಟು ಮುಟ್ಟಬೇಡಿ.